ಚಿಕ್ಕಜಾಜೂರಿನಲ್ಲಿ ಬಂಡಿ ಬದಲಾಯಿಸುವವರು

ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸುವವನಿಗೆ ರೈಲ್ವೆಯ ವಿಚಾರವಾಗಿ ಬರೆಯುವ ಅಧಿಕಾರವೇನಿದೆಯೆಂದು ವಾಚಕರು ಕೇಳಿಯಾರು. ಆ ಅಧಿಕಾರವು ನನಗೆ ಪ್ರಯೋಗಶಾಲೆಯಿಂದ ಬಂದದ್ದು. ಮಧ್ಯಾಹ್ನ ಎರಡು ಗಂಟೆಗೆ ಮೊದಲಾಗುವ ಪ್ರಯೋಗದ ತರಗತಿಯು ಐದಕ್ಕೆ ಮುಗಿಯತಕ್ಕದ್ದು. ಆದರೆ ನಾಲ್ಕು ಗಂಟೆಯಾಯಿತೆಂದರೆ ಹೊಳಲ್ಕೆರೆಯ ಕಡೆಯ ಹುಡುಗರು ಗೋಡೆಯ ಗಡಿಯಾರವನ್ನು ನೋಡತೊಡಗುತ್ತಾರೆ. ನಾಲ್ಕೂವರೆಗೆ ಹಿರಿಯೂರು, ಹೊಸದುರ್ಗಗಳ ಕಡೆಯವರು ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಾರೆ. ಒಮ್ಮೆ ಒಬ್ಬ ವಿದ್ಯಾರ್ಥಿನಿಯು ಲೋಲಕದ ಇಪ್ಪತ್ತು ಆಂದೋಲನಗಳನ್ನು ಎಣಿಸಬೇಕಾದ ಕಡೆ ಹತ್ತಕ್ಕೇ ನಿಲ್ಲಿಸಿ, ಬಂದ ಕಾಲವನ್ನು ಎರಡರಿಂದ ಗುಣಿಸಿ ಬರೆದಿದ್ದಳು. ಏಕಮ್ಮ ಹೀಗೆ ಮಾಡಿದೆ ಎಂದರೆ, “ಬಸ್ಸು ತಪ್ಪಿಹೋಗುತ್ತೆ ಸಾರ್” ಎಂದಳು. ಪ್ರಯೋಗವು ತಪ್ಪಾಗಿತ್ತು, ಹೇಳಿದ ಕಾರಣವು ಮಾತ್ರ ನಿಜವಾಗಿತ್ತು. ನಾನು ಅಂಕವನ್ನು ಕಳೆಯಲಿಲ್ಲ.

ಪ್ರತಿದಿನವೂ ಬೆಳಗ್ಗೆ ಬಂದು ಸಂಜೆ ಹಿಂದಿರುಗುವ ಇಂಥ ಜನರಿಗಾಗಿಯೇ ಮಹಾನಗರಗಳಲ್ಲಿ ‘ಉಪನಗರ ರೈಲು’ ಎಂಬ ಏರ್ಪಾಡಿದೆ. ಮುಂಬಯಿಯವರಿಗೆ ಅದು ನಿತ್ಯದ ಅನ್ನದಷ್ಟು ಸಹಜವಾದದ್ದು. ಬೆಂಗಳೂರಿಗೆ 148 ಕಿಲೋಮೀಟರುಗಳ, ನಾಲ್ಕು ಮಾರ್ಗಗಳ ಉಪನಗರ ರೈಲು ಯೋಜನೆಯು 2020ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆಯನ್ನು ಪಡೆಯಿತು. 2022ರ ಜೂನ್ ತಿಂಗಳಿನಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. ನಮ್ಮ ಚಿತ್ರದುರ್ಗದಂಥ ಜಿಲ್ಲೆಯಲ್ಲಿ ಈ ಮಾತನ್ನೆತ್ತಿದರೆ, ನಗರವೇ ಚಿಕ್ಕದಾಗಿರುವಲ್ಲಿ ಉಪನಗರವೆಲ್ಲಿಂದ ಬಂತು ಎಂದು ನಗುವವರುಂಟು. ನಗುವವರ ಅವಗಾಹನೆಗಾಗಿ ಒಂದು ಸಂಗತಿ. 1853ರ ಏಪ್ರಿಲ್ 16ರಂದು ನಮ್ಮ ದೇಶದ ಮೊದಲನೆಯ ಪ್ರಯಾಣಿಕರ ರೈಲು ಬೋರಿ ಬಂದರಿನಿಂದ ಠಾಣೆಗೆ ಓಡಿದ ದೂರವು ಸುಮಾರು 34 ಕಿಲೋಮೀಟರು. ಇಂದು ಮುಂಬಯಿಯ ಉಪನಗರ ರೈಲುಗಳು ತುಂಬಿ ತುಳುಕುತ್ತ ಓಡಾಡುವುದು ಆ ಹಾದಿಯಲ್ಲಿಯೇ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಇರುವ ಕವಲು ದಾರಿಯೂ ಹೆಚ್ಚು ಕಡಿಮೆ ಅಷ್ಟೇ ಉದ್ದದ್ದು. ದೂರದ ಮಟ್ಟಿಗೆ ನಾವು ಠಾಣೆಗಿಂತ ಹಿಂದುಳಿದವರಲ್ಲ.

ನಮ್ಮ ಸೀಮೆಯ ರೈಲುದಾರಿಗಳ ಚಿತ್ರವನ್ನು ವಾಚಕರು ಒಮ್ಮೆ ಮನಸ್ಸಿನಲ್ಲಿ ಬರೆದುಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬೆಂಗಳೂರಿನಿಂದ ಹರಿಹರದತ್ತ ಹಾಕಿದ ದಾರಿಯು ಅರಸೀಕೆರೆ, ಬೀರೂರುಗಳನ್ನು ಹಾದು, ಹೊಸದುರ್ಗ ರೋಡ್, ರಾಮಗಿರಿ, ಹೊಳಲ್ಕೆರೆ ನಿಲ್ದಾಣಗಳನ್ನು ಮುಟ್ಟಿ ಚಿಕ್ಕಜಾಜೂರಿಗೆ ಬರುತ್ತದೆ. ಅಲ್ಲಿಂದ ದಾವಣಗೆರೆಗೆ ಮುಂದುವರಿಯುತ್ತದೆ. ಜಿಲ್ಲೆಯ ಮುಖ್ಯಪಟ್ಟಣವಾದ ಚಿತ್ರದುರ್ಗವು ಈ ಮುಖ್ಯ ಮಾರ್ಗದ ಮೇಲಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ ಅದನ್ನು ಚಿಕ್ಕಜಾಜೂರಿಗೆ ಒಂದು ಕವಲಿನಿಂದ ಕಟ್ಟಿಹಾಕಿದರು. ಆ ಕವಲು ಬಹುಕಾಲ ದುರ್ಗದಲ್ಲಿಯೇ ಕೊನೆಗಾಣುತ್ತಿತ್ತು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೆ ಚಳ್ಳಕೆರೆಯ ಮೂಲಕ ರಾಯದುರ್ಗದವರೆಗೆ ಹಳಿ ಬಿದ್ದು, ಬಳ್ಳಾರಿಯ ಸಂಬಂಧವು ಕೂಡಿಬಂತು. ಒಂದು ಮೀಟರಿನ ಕಿರುಹಳಿಗಳು ಹೋಗಿ 1.676 ಮೀಟರಿನ ಅಗಲ ಹಳಿಗಳು ಬಂದವು. ಇನ್ನು ಹಿರಿಯೂರು: ಹೆದ್ದಾರಿಯ ಲಾರಿಗಳನ್ನು ರಾತ್ರಿ ಹಗಲು ಕಾಣುವ ಆ ಪಟ್ಟಣವು ರೈಲನ್ನು ಇನ್ನೂ ಕಂಡಿಲ್ಲ.

ಹೊಸದುರ್ಗ ರೋಡ್ ಎಂಬ ಹೆಸರಿನಲ್ಲಿರುವ ‘ರೋಡ್’ ಎಂಬ ಬಾಲವನ್ನು ಗಮನಿಸಬೇಕು. ನಿಲ್ದಾಣದಿಂದ ಊರಿಗೆ ಒಂದು ರಸ್ತೆ ಮಾತ್ರ ಇದೆ, ಊರು ಇಲ್ಲಿಲ್ಲ ಎಂಬುದು ಅದರ ತಾತ್ಪರ್ಯ. ರೈಲ್ವೆಯವರ ಪ್ರಾಮಾಣಿಕತೆಯನ್ನು ಮೆಚ್ಚಬೇಕು.

ಹೀಗಾಗಿ ನಾಲ್ಕು ತಾಲೂಕುಗಳ ರೈಲು ಸಂಬಂಧವೆಲ್ಲವೂ ಚಿಕ್ಕಜಾಜೂರೆಂಬ ಒಂದೇ ಗಂಟಿನ ಮೇಲೆ ನಿಂತಿದೆ. ಬೆಂಗಳೂರಿನ ಕಡೆಯದೊಂದು, ಹುಬ್ಬಳ್ಳಿಯ ಕಡೆಯದೊಂದು, ಬಳ್ಳಾರಿಯ ಕಡೆಯದೊಂದು, ಹೀಗೆ ಮೂರು ದಾರಿಗಳು ಕೂಡುವ ಸ್ಥಳವದು. ಊರು ಸಣ್ಣದು, ಸ್ಥಾನವು ದೊಡ್ಡದು. ಜಾಲಗಳ ಗಣಿತದಲ್ಲಿ ಇದು ಸಾಮಾನ್ಯವಾದ ಸಂಗತಿ. 1736ರಲ್ಲಿ ಆಯ್ಲರನು ಕೋನಿಗ್ಸ್‌ಬರ್ಗಿನ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ, ದ್ವೀಪ ಎಷ್ಟು ದೊಡ್ಡದು, ಸೇತುವೆ ಎಷ್ಟು ಉದ್ದ ಎಂಬುದನ್ನೆಲ್ಲ ಬದಿಗಿಟ್ಟು, ಯಾವ ಬಿಂದುವಿನಲ್ಲಿ ಎಷ್ಟು ಗೆರೆಗಳು ಕೂಡುತ್ತವೆ ಎಂಬುದನ್ನು ಮಾತ್ರ ಎಣಿಸಿದನು. ನಿಲ್ದಾಣದ ಬೆಲೆಯನ್ನು ಕಟ್ಟುವಾಗ ನಾವೂ ಹಾಗೆಯೇ ಮಾಡಬೇಕು. ಕಟ್ಟಡದ ಕಮಾನು, ಅಮೃತಶಿಲೆಯ ನೆಲ, ಮುಂಬಾಗಿಲಿನಲ್ಲಿ ಕೋಟೆಯ ಚಿತ್ರ ಇವೆಲ್ಲ ಚೆಂದವೇ. ಆದರೆ ಒಂದು ಬಂಡಿಯಿಂದಿಳಿದವನು ಎಷ್ಟು ಹೊತ್ತಿನಲ್ಲಿ ಇನ್ನೊಂದನ್ನು ಹತ್ತಬಲ್ಲನು ಎಂಬುದರ ಮೇಲೆ ಜಂಕ್ಷನ್ನಿನ ಯೋಗ್ಯತೆಯು ನಿಲ್ಲುತ್ತದೆ.

ಈ ‘ಎಷ್ಟು ಹೊತ್ತು’ ಎಂಬುದರಲ್ಲಿ ಒಂದು ಲೆಕ್ಕವಿದೆ. ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕು. ಗಂಟೆಗೆ ಎರಡು ಬಂಡಿಗಳಿವೆಯೆನ್ನೋಣ. ಅವು ಅರ್ಧ ಗಂಟೆಗೊಂದರಂತೆ ಸಮನಾಗಿ ಬಂದರೆ, ವೇಳೆ ನೋಡದೆ ಬಂದ ಪ್ರಯಾಣಿಕನು ಸರಾಸರಿ 15 ನಿಮಿಷ ಕಾಯುತ್ತಾನೆ. ಅದೇ ಎರಡು ಬಂಡಿಗಳು ಹತ್ತು ನಿಮಿಷಗಳ ಅಂತರದಲ್ಲಿ ಒಂದರ ಹಿಂದೊಂದು ಬಂದು, ಆಮೇಲೆ ಐವತ್ತು ನಿಮಿಷ ಏನೂ ಬಾರದೆ ಹೋದರೆ ಅವನು ಕಾಯಬೇಕಾದ ಸರಾಸರಿ ಕಾಲ ಸುಮಾರು 22 ನಿಮಿಷ. ಬಂಡಿಗಳ ಸಂಖ್ಯೆ ಒಂದೇ, ಖರ್ಚು ಒಂದೇ. ಆದರೂ ಕಾಯುವಿಕೆಯು ಹೆಚ್ಚು ಕಡಿಮೆ ಒಂದೂವರೆ ಪಟ್ಟಾಯಿತು. ಕಾರಣವೇನೆಂದರೆ, ಬಂದವರ ಪೈಕಿ ಆರರಲ್ಲಿ ಐದು ಪಾಲು ಜನ ಆ ದೊಡ್ಡ ಬಿಡುವಿನಲ್ಲಿಯೇ ಬಂದು ಸಿಕ್ಕಿಕೊಳ್ಳುತ್ತಾರೆ. ‘ನಾನು ಬಂದಾಗಲೇ ಬಂಡಿ ಹೋಗಿಬಿಟ್ಟಿರುತ್ತದೆ’ ಎಂದು ಹಣೆಬರಹವನ್ನು ದೂರುವವರು ತಿಳಿಯದೆಯೇ ಗಣಿತದ ಒಂದು ಪ್ರಮೇಯವನ್ನು ನುಡಿಯುತ್ತಿರುತ್ತಾರೆ.

ಕಾಯುವ ಹೊತ್ತು ಪ್ರಯಾಣದ ವೇಗವನ್ನು ಹೇಗೆ ನುಂಗುತ್ತದೆಂಬುದನ್ನೂ ನೋಡೋಣ. ರೈಲಿನಲ್ಲಿ 40 ಕಿಲೋಮೀಟರು, ಗಂಟೆಗೆ 60ರ ವೇಗ. ಎಂದರೆ 40 ನಿಮಿಷ. ನಿಲ್ದಾಣದಲ್ಲಿ ಕಾದದ್ದು 20 ನಿಮಿಷ. ನಿಲ್ದಾಣದಿಂದ ಮನೆಗೆ ಆಟೋರಿಕ್ಷಾದಲ್ಲಿ 5 ಕಿಲೋಮೀಟರು, 15 ನಿಮಿಷ. ಒಟ್ಟು 75 ನಿಮಿಷಗಳಲ್ಲಿ 45 ಕಿಲೋಮೀಟರು. ಸರಾಸರಿ ವೇಗ ಗಂಟೆಗೆ 36. ಈಗ ಕೋಟಿಗಟ್ಟಲೆ ಸುರಿದು ಹಳಿಗಳನ್ನು ಬಲಪಡಿಸಿ ರೈಲಿನ ವೇಗವನ್ನು 80ಕ್ಕೆ ಏರಿಸಿದರೆ ಉಳಿಯುವುದು 10 ನಿಮಿಷ. ವೇಳಾಪಟ್ಟಿಯನ್ನು ತಿದ್ದಿ ಕಾಯುವುದನ್ನು 20ರಿಂದ 5 ನಿಮಿಷಕ್ಕೆ ಇಳಿಸಿದರೆ ಉಳಿಯುವುದು 15 ನಿಮಿಷ. ಮೊದಲನೆಯದಕ್ಕೆ ಉಕ್ಕು, ಜಲ್ಲಿ, ಹಣ ಬೇಕು. ಎರಡನೆಯದಕ್ಕೆ ಬಹುಮಟ್ಟಿಗೆ ಕಾಗದ, ಪೆನ್ಸಿಲು ಮತ್ತು ಮನಸ್ಸು ಸಾಕು. ಆದರೂ ಪತ್ರಿಕೆಗಳ ಮೊದಲ ಪುಟಕ್ಕೆ ಬರುವುದು ಮೊದಲನೆಯದೇ. (ಎರಡು ವೇಗಗಳನ್ನು ಕೂಡಿಸಿ ಅರ್ಧಮಾಡಿದರೆ ಸರಾಸರಿ ವೇಗ ಬರುತ್ತದೆಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳು ಪ್ರತಿವರ್ಷವೂ ಸಿಗುತ್ತಾರೆ. ಅವರನ್ನು ಜಂಕ್ಷನ್ನಿನಲ್ಲಿ ಒಂದು ದಿನ ಕೂರಿಸಿದರೆ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆಯೆಂದು ನನ್ನ ನಂಬಿಕೆ.)

ಸ್ವಿಟ್ಜರ್ಲೆಂಡಿನವರು 1982ರಿಂದ ಈ ಕಾಗದ–ಪೆನ್ಸಿಲಿನ ಮಾರ್ಗವನ್ನು ದೇಶಕ್ಕೆಲ್ಲ ಅನ್ವಯಿಸಿದರು. ಅಲ್ಲಿ ಬಂಡಿಗಳು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುತ್ತವೆ. ಜಂಕ್ಷನ್ನಿಗೆ ನಾಲ್ಕು ದಿಕ್ಕಿನ ಬಂಡಿಗಳೂ ಸ್ವಲ್ಪ ಹಿಂದುಮುಂದಾಗಿ ಒಂದೇ ಸಮಯಕ್ಕೆ ಬಂದು ಸೇರುತ್ತವೆ, ಜನ ಅಡ್ಡದಾಟಿ ಬದಲಾಯಿಸಿಕೊಳ್ಳುತ್ತಾರೆ, ಎಲ್ಲ ಬಂಡಿಗಳೂ ಹೊರಟುಹೋಗುತ್ತವೆ. ಸಂತೆಯ ದಿನ ನಾಲ್ಕೂರ ಗಾಡಿಗಳು ಒಂದು ಆಲದ ಮರದಡಿ ಸೇರಿ ಚದುರುವಂತೆ ಇದು. ಎರಡು ಜಂಕ್ಷನ್ನುಗಳ ನಡುವಣ ಓಟವು ಒಂದು ಗಂಟೆಗಿಂತ ಕೆಲವೇ ನಿಮಿಷ ಕಡಿಮೆಯಾಗಿರುವಂತೆ ನೋಡಿಕೊಂಡರೆ ಸಾಕು. ಅದಕ್ಕಿಂತ ಹೆಚ್ಚು ವೇಗವಾಗಿ ಓಡಿ ಮೊದಲೇ ಬಂದು ನಿಂತರೆ ಯಾರಿಗೂ ಪ್ರಯೋಜನವಿಲ್ಲ.

ನಮ್ಮ ಕವಲಿಗೆ ಇದನ್ನು ಹಚ್ಚಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ, ನಡುವೆ ಒಂದೆರಡು ಕಡೆ ನಿಂತರೂ, 50 ನಿಮಿಷಗಳ ಕಾಲ ಧಾರಾಳವಾಗಿ ಸಾಕು. 50 ನಿಮಿಷ ಹೋಗುವುದು, 10 ನಿಮಿಷ ನಿಲ್ಲುವುದು, 50 ನಿಮಿಷ ಬರುವುದು, ಮತ್ತೆ 10 ನಿಮಿಷ ನಿಲ್ಲುವುದು: ಸರಿಯಾಗಿ ಎರಡು ಗಂಟೆ. ಎಂದರೆ ಒಂದೇ ಒಂದು ಬಂಡಿಯು ಬೆಳಗಿನ ಆರರಿಂದ ರಾತ್ರಿಯ ಎಂಟರವರೆಗೆ ಏಳು ಸಲ ಹೋಗಿ ಬರಬಲ್ಲದು! ದೂರದೂರಿಗೆ ಹೋಗುವ ಬಂಡಿಯೊಂದು ಇಡೀ ದಿನದಲ್ಲಿ ನಮ್ಮ ನಿಲ್ದಾಣದಲ್ಲಿ ಎರಡು ನಿಮಿಷ ನಿಂತು ಹೋಗುವುದಕ್ಕೂ, ಇನ್ನೊಂದು ಬಂಡಿಯು ನಮ್ಮದೇ ಆಗಿ ಹದಿನಾಲ್ಕು ಗಂಟೆ ದುಡಿಯುವುದಕ್ಕೂ ಇರುವ ಅಂತರವನ್ನು ವಾಚಕರೇ ತೂಗಿ ನೋಡಲಿ. ಆ ಬಂಡಿಯು ಚಿಕ್ಕಜಾಜೂರನ್ನು ಮುಟ್ಟುವ ಹೊತ್ತಿಗೆ ದಾವಣಗೆರೆಯ ಕಡೆಗೂ, ಹೊಳಲ್ಕೆರೆ–ಬೀರೂರುಗಳ ಕಡೆಗೂ ಹೋಗುವ ಬಂಡಿಗಳು ಅಲ್ಲಿ ಸಿಕ್ಕಬೇಕು, ಅಷ್ಟಾದರೆ ಕೆಲಸವಾಯಿತು.

ಇಂಥ ಕೆಲಸಕ್ಕೆ ಯಾವ ಬಂಡಿ ತಕ್ಕದ್ದು? ಇಲ್ಲಿ ಭೌತವಿಜ್ಞಾನವು ಸ್ಪಷ್ಟವಾಗಿ ಉತ್ತರ ಕೊಡುತ್ತದೆ. ಉಕ್ಕಿನ ಗಾಲಿಯು ಉಕ್ಕಿನ ಹಳಿಯ ಮೇಲೆ ಉರುಳುವಾಗ ಎದುರಾಗುವ ತಡೆಯು ರಸ್ತೆಯ ಮೇಲಿನ ಟೈರಿಗೆ ಎದುರಾಗುವುದಕ್ಕಿಂತ ಹಲವು ಪಾಲು ಕಡಿಮೆ. ರೈಲಿನ ಮಿತವ್ಯಯದ ಗುಟ್ಟು ಇದೇ. ಆದರೆ ಅದೇ ನುಣುಪು ಹೊರಡುವ ಹೊತ್ತಿನಲ್ಲಿ ಶತ್ರುವಾಗುತ್ತದೆ. ಗಾಲಿ ಜಾರದೆ ಹಳಿಯನ್ನು ಎಷ್ಟು ಬಲವಾಗಿ ಹಿಂದಕ್ಕೆ ಒದೆಯಬಲ್ಲದು ಎಂಬುದು ಎಂಜಿನ್ ತಿರುಗಿಸುವ ಗಾಲಿಗಳ ಮೇಲೆ ಬಿದ್ದಿರುವ ಭಾರವನ್ನವಲಂಬಿಸಿದೆ; ಒಳ್ಳೆಯ ಹಳಿಯ ಮೇಲೆ ಆ ಬಲವು ಭಾರದ ಕಾಲು ಪಾಲಿನಷ್ಟಿರಬಹುದು. ಉದ್ದನೆಯ ಎಕ್ಸ್‌ಪ್ರೆಸ್ ಬಂಡಿಯಲ್ಲಿ ಒದೆಯುವುದು ಎಂಜಿನ್ ಒಂದೇ, ಅದರ ತೂಕವು ಇಡೀ ಬಂಡಿಯ ಹತ್ತನೆಯ ಒಂದು ಪಾಲು. ಉಳಿದ ಒಂಬತ್ತು ಪಾಲು ಸುಮ್ಮನೆ ಎಳೆಸಿಕೊಳ್ಳುವ ಭಾರ. ‘ಮೆಮು’ ಎಂಬ ವಿದ್ಯುತ್ ಬಂಡಿಯಲ್ಲಾದರೋ ನಾಲ್ಕು ಡಬ್ಬಿಗಳಿಗೊಂದರಂತೆ ಮೋಟಾರುಗಳಿರುತ್ತವೆ. ಹೊಲ ಉಳುವಾಗ ಒಂದು ಜೋಡಿ ಎತ್ತಿನ ಬದಲು ಮೂರು ಜೋಡಿ ಕಟ್ಟಿದಂತೆ. ಹೀಗಾಗಿ ಅದರ ವೇಗೋತ್ಕರ್ಷವು ಎರಡು ಮೂರು ಪಟ್ಟು ಹೆಚ್ಚಾಗಬಲ್ಲದು.

400 ಟನ್ ತೂಗುವ ಮೆಮು ಬಂಡಿಯೊಂದು ಗಂಟೆಗೆ 90 ಕಿಲೋಮೀಟರು, ಎಂದರೆ ಸೆಕೆಂಡಿಗೆ 25 ಮೀಟರು ಓಡುತ್ತಿದೆಯೆನ್ನೋಣ. ಅದರ ಚಲನಶಕ್ತಿಯು 12.5 ಕೋಟಿ ಜೂಲ್. ಮನೆಯ ಮೀಟರಿನ ಭಾಷೆಯಲ್ಲಿ ಸುಮಾರು 35 ಯೂನಿಟ್. ಒಂದು ಹಳ್ಳಿಯಲ್ಲಿ ನಿಂತು ಹೊರಟರೆ ಇಷ್ಟನ್ನು ಬ್ರೇಕಿನಲ್ಲಿ ಕಳೆದು ಮತ್ತೆ ಗಳಿಸಬೇಕು. ದೊಡ್ಡ ನಷ್ಟವೆಂದು ತೋರಬಹುದು. ಬಂಡಿಯಲ್ಲಿ 700 ಜನರಿದ್ದರೆ ತಲೆಗೆ ಬೀಳುವುದು ಒಂದು ಯೂನಿಟ್ಟಿನ ಇಪ್ಪತ್ತನೆಯ ಒಂದು ಪಾಲು, ಎಂದರೆ 10 ವಾಟಿನ ದೀಪವೊಂದು ಐದು ಗಂಟೆ ಉರಿಯುವಷ್ಟು. ಹೊಸ ಬಗೆಯ ಬಂಡಿಗಳಲ್ಲಿ ಬ್ರೇಕು ಹಾಕುವಾಗ ಮೋಟಾರುಗಳೇ ಡೈನಮೋಗಳಾಗಿ ಇದರಲ್ಲಿ ಒಂದು ಭಾಗವನ್ನು ತಂತಿಗೆ ಮರಳಿಸುತ್ತವೆ. ಇನ್ನು ಕಾಲದ ಲೆಕ್ಕ: ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಅರ್ಧ ಮೀಟರಿನ ವೇಗೋತ್ಕರ್ಷವುಳ್ಳ ಮೆಮು ಬಂಡಿಯು ಒಂದು ಕಡೆ ಅರ್ಧ ನಿಮಿಷ ನಿಂತು ಹೊರಡುವುದರಿಂದ ಒಟ್ಟು ಕಳೆದುಕೊಳ್ಳುವುದು 80 ಸೆಕೆಂಡು. ಭಾರಿ ಎಕ್ಸ್‌ಪ್ರೆಸ್ ಬಂಡಿಯು ಎರಡು ನಿಮಿಷ ನಿಂತು, ನಿಧಾನವಾಗಿ ವೇಗ ಹಿಡಿದು ಹೊರಟರೆ ಸುಮಾರು ನಾಲ್ಕು ನಿಮಿಷ. ನಮ್ಮೂರಿನಲ್ಲಿ ಇಂಥ ಎಕ್ಸ್‌ಪ್ರೆಸ್ಸನ್ನು ನಿಲ್ಲಿಸಿರೆಂದು ಊರೂರಿನವರೂ ಅರ್ಜಿ ಕೊಡುವುದನ್ನು ನಾನು ಬಲ್ಲೆ. ಅವರ ಕಷ್ಟವನ್ನೂ ಬಲ್ಲೆ. ಆದರೆ ಐದು ಊರುಗಳ ಅರ್ಜಿಗಳು ಮಂಜೂರಾದರೆ ಎಕ್ಸ್‌ಪ್ರೆಸ್ಸು ಇಪ್ಪತ್ತು ನಿಮಿಷ ಹಿಂದೆ ಬೀಳುತ್ತದೆ, ಐದು ಊರುಗಳಿಗೂ ದಿನಕ್ಕೊಂದು ಬಂಡಿ ಮಾತ್ರ ಸಿಕ್ಕಿರುತ್ತದೆ. ಅದೇ ಕೈಬರಹವನ್ನು, ಅದೇ ಸಹಿಗಳನ್ನು ಒಂದು ಮೆಮು ಬಂಡಿಗಾಗಿ ಖರ್ಚುಮಾಡಬಾರದೇಕೆ?

ಇದನ್ನು ಈಗಲೇ ಹೇಳುವುದಕ್ಕೆ ಕಾರಣವುಂಟು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗಗಳ ಮೂಲಕ ದಾವಣಗೆರೆಗೆ 191 ಕಿಲೋಮೀಟರಿನ ಹೊಸ ದಾರಿಯು 2011–12ರ ರೈಲ್ವೆ ಮುಂಗಡಪತ್ರದಲ್ಲಿ ಮಂಜೂರಾಯಿತು. ಕೆಲಸ ಇನ್ನೂ ಪೂರ್ತಿಯಾಗಿಲ್ಲ. ಇಂದು ದುರ್ಗದಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 200 ಕಿಲೋಮೀಟರು. ರೈಲಿನಲ್ಲಿ ಚಿಕ್ಕಜಾಜೂರು, ಅರಸೀಕೆರೆಗಳನ್ನು ಬಳಸಿಕೊಂಡು 300ಕ್ಕೂ ಮೇಲೆ. ಹೊಸ ದಾರಿಯಾದ ಮೇಲೆ ಈ ಸುತ್ತು ತಪ್ಪುತ್ತದೆ. ದಾವಣಗೆರೆ–ಬೆಂಗಳೂರು ದೂರವೇ ಅರವತ್ತು ಕಿಲೋಮೀಟರಿಗೂ ಹೆಚ್ಚು ಇಳಿಯುತ್ತದೆ. ಹಿರಿಯೂರಿಗೆ ಮೊದಲ ಬಾರಿಗೆ ರೈಲು ಬರುತ್ತದೆ. ಇದಕ್ಕೆ ಸಂತೋಷಪಡದವರು ಯಾರು?

ಆದರೆ ವೇಗದ ಬಂಡಿಗಳು ಹತ್ತಿರದ ದಾರಿಯನ್ನು ಹಿಡಿಯುವುದು ಸ್ವಾಭಾವಿಕ. ಆಗ ಹೊಳಲ್ಕೆರೆ, ಹೊಸದುರ್ಗ ರೋಡ್, ಚಿಕ್ಕಜಾಜೂರುಗಳ ಗತಿಯೇನು? ಹೆದ್ದಾರಿಯು ಊರ ಹೊರಗೆ ತಿರುಗಿದ ಮೇಲೆ ಹಳೆಯ ಪೇಟೆಬೀದಿಯ ಹೋಟೆಲುಗಳು ಹೇಗಾದವೆಂಬುದನ್ನು ನಾವೆಲ್ಲರೂ ನೋಡಿದ್ದೇವೆ. ನನ್ನ ಅಭಿಪ್ರಾಯದಲ್ಲಿ ಹಳೆಯ ದಾರಿಯ ಅದೃಷ್ಟವು ಆಗ ತೆರೆಯಬೇಕು. ವೇಗದ ಬಂಡಿಗಳಿಗೆ ದಾರಿ ಬಿಟ್ಟುಕೊಟ್ಟು ಮೂಲೆಯಲ್ಲಿ ಕಾಯುವ ಕಷ್ಟ ಕಡಿಮೆಯಾದಾಗ ಅಲ್ಲಿ ಸ್ಥಳೀಯ ಬಂಡಿಗಳನ್ನು ಸಮನಾದ ಅಂತರದಲ್ಲಿ ಓಡಿಸಬಹುದು. ಮುಖ್ಯ ಮಾರ್ಗಕ್ಕೆ ವಿದ್ಯುತ್ ತಂತಿಯೂ ಬಂದಾಗಿದೆ. ಇನ್ನೊಂದು ವಿಶೇಷವೇನೆಂದರೆ, ಹೊಸ ದಾರಿ ಮುಗಿದಾಗ ಚಿತ್ರದುರ್ಗ, ಚಿಕ್ಕಜಾಜೂರು, ದಾವಣಗೆರೆಗಳು ಒಂದು ತ್ರಿಕೋನವಾಗುತ್ತವೆ. ಮರದ ಕೊಂಬೆಯಂತಿರುವ ಜಾಲದಲ್ಲಿ ಒಂದು ಕಡೆ ಕಡಿದರೆ ತುದಿಯು ಬೇರ್ಪಡುತ್ತದೆ. ಈಗಲೂ ಬಳ್ಳಾರಿ, ಗದಗ, ಹುಬ್ಬಳ್ಳಿಗಳ ಮೂಲಕ ಒಂದು ಸುತ್ತುದಾರಿಯಿದೆ ನಿಜ. ದುರ್ಗದಿಂದ ದಾವಣಗೆರೆಗೆ ಹೋಗಲು ಅದನ್ನು ಹಿಡಿಯುವವನು ಉತ್ತರೀಯದ ಜೊತೆಗೆ ಊಟದ ಗಂಟನ್ನೂ ಕಟ್ಟಿಕೊಂಡು ಹೊರಡಬೇಕು. ಪುಟ್ಟ ತ್ರಿಕೋನದಲ್ಲಾದರೆ ಒಂದು ಬಾಹುವಿನಲ್ಲಿ ತಡೆಯುಂಟಾದರೂ ಉಳಿದೆರಡರಲ್ಲಿ ಬಂಡಿ ಓಡುತ್ತದೆ. ದಾವಣಗೆರೆಯು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿಯೇ ಇದ್ದದ್ದು. ಆಸ್ಪತ್ರೆಗೆ, ಕಾಲೇಜಿಗೆ, ಬಟ್ಟೆಗೆ ಅಲ್ಲಿಗೆ ಹೋಗುವ ಅಭ್ಯಾಸವನ್ನು ಜಿಲ್ಲೆಯ ಗಡಿರೇಖೆಯು ಬದಲಾಯಿಸಿಲ್ಲ.

ಎದುರು ಮಾತುಗಳು ಇಲ್ಲದಿಲ್ಲ. ಬಳ್ಳಾರಿಯ ಕಡೆಯ ಸರಕುಬಂಡಿಗಳಿಂದ ರೈಲ್ವೆಗೆ ಹುಟ್ಟುವ ಆದಾಯದ ಮುಂದೆ ನಮ್ಮ ವಿದ್ಯಾರ್ಥಿಗಳ ರಿಯಾಯಿತಿ ಪಾಸು ಎಲ್ಲಿಯದು? ಒಂಟಿ ಹಳಿಯ ಮೇಲೆ ಸರಕುಬಂಡಿ ಬಂದಾಗ ಪ್ರಯಾಣಿಕರ ಬಂಡಿಯು ಕಾಯಬೇಕಾದೀತು, ನನ್ನ ಎರಡು ಗಂಟೆಗಳ ಅಂದವಾದ ಚಕ್ರವು ಹರಿದುಹೋದೀತು. ಇದು ತೂಕವುಳ್ಳ ಮಾತು. ಬಂಡಿಗಳು ಎದುರುಬದುರಾಗಿ ದಾಟಿಕೊಳ್ಳುವ ಹಳಿಗಳನ್ನು ಒಂದೆರಡು ಕಡೆ ಹೆಚ್ಚಿಸದೆ ಇದು ನಡೆಯಲಾರದು. ಅದಕ್ಕೆ ಹಣ ಬೇಕೇ ಬೇಕು. ಜನಸಂಖ್ಯೆ ಸಾಲದೆಂಬ ಮಾತನ್ನು ಮಾತ್ರ ನಾನು ಒಪ್ಪೆನು. 2011ರ ಜನಗಣತಿಯಲ್ಲಿ ದಾವಣಗೆರೆ ನಗರವೊಂದೇ ನಾಲ್ಕು ಲಕ್ಷ ದಾಟಿತ್ತು, ಚಿತ್ರದುರ್ಗವು ಒಂದು ಲಕ್ಷ ದಾಟಿತ್ತು. ಬೆಳಗ್ಗೆ ಎಂಟು ಗಂಟೆಯ ಬಸ್ಸಿನ ಮೆಟ್ಟಿಲಿನ ಮೇಲೆ ನಿಂತು ಬರುವವರನ್ನು ನೋಡಿದವರಾರೂ ಜನ ಸಾಲದೆನ್ನಲಾರರು.

ಹಿರಿಯೂರಿನವರಿಗೆ ಒಂದು ಕಿವಿಮಾತು. ನಿಮ್ಮ ನಿಲ್ದಾಣದ ಕಟ್ಟಡ ಹೇಗಿರಬೇಕೆಂದು ಕೇಳುವ ಮೊದಲು ಅಲ್ಲಿಂದ ಬಸ್ ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ, ಬಂಡಿ ಬರುವ ಹೊತ್ತಿಗೆ ಅಲ್ಲಿ ಬಸ್ಸು ಇರುತ್ತದೆಯೆ ಎಂದು ಕೇಳಿರಿ. ಹೊಸದುರ್ಗದವರನ್ನು ವಿಚಾರಿಸಿದರೆ ‘ರೋಡ್’ ಎಂಬ ಬಾಲದ ಬೆಲೆಯನ್ನು ಅವರು ಹೇಳಿಯಾರು.

ಈ ವರ್ಷ ನಾನು ಪ್ರಯೋಗದ ತಂಡಗಳನ್ನು ಊರಿನ ಹೆಸರಿನ ಮೇಲೆ ವಿಂಗಡಿಸಿದ್ದೇನೆ. ದೂರದಿಂದ ಬರುವವರಿಗೆಲ್ಲ ಬೆಳಗಿನ ಹೊತ್ತು, ಪಟ್ಟಣದಲ್ಲಿರುವವರಿಗೆ ಮಧ್ಯಾಹ್ನ. ವೇಳಾಪಟ್ಟಿಯನ್ನು ತಿದ್ದಲು ಎರಡು ಸಂಜೆ ಹಿಡಿದವು, ಸಹೋದ್ಯೋಗಿಯೊಬ್ಬರು ಮುನಿಸಿಕೊಂಡರು. ಬೆಳಗಿನ ತಂಡದವರು ಇಪ್ಪತ್ತು ಆಂದೋಲನಗಳನ್ನೂ ಎಣಿಸುತ್ತಿದ್ದಾರೆ. ಆದರೆ ಅವರಲ್ಲಿ ಇಬ್ಬರು ಮೂವರು ಮೊದಲ ಅರ್ಧ ಗಂಟೆಗೆ ಇನ್ನೂ ಬಂದು ಮುಟ್ಟಿರುವುದಿಲ್ಲ.